ಸರದಾರ ಯಾಕೆ ಹಿಂದೆ ಬಿದ್ದ

ಔರಾದ ತಾಲೂಕು, ಬೀದರ ಜಿಲ್ಲೆ
ಜುಲೈ 18, 2005

ಪ್ರೀತಿಯ ತಂಗಿ ಪೂನಮ್‌ಗೆ,

ಜೈ ಭೀಮ್. ಶಾಲೆಗೆ ಹಾಜರಾದೆ. ಎರಡು ಕೋಣೆ, ನಾಲ್ಕು ತರಗತಿ, ಒಬ್ಬನೇ ಮಾಸ್ತರ. ಆ ಒಬ್ಬ ನಾನೇ. ಮಕ್ಕಳ ಕನ್ನಡದಲ್ಲಿ ಅರ್ಧ ಮರಾಠಿ, ನನ್ನ ಕನ್ನಡ ಕೇಳಿ ಅವು ನಗುತ್ತವೆ. ಫೋನಿನ ಸಿಗ್ನಲ್ ಇಲ್ಲ, ಅದಕ್ಕೇ ಈ ಕಾಗದ. ಬಾಡಿಗೆ ಮನೆ ಇನ್ನೂ ಸಿಕ್ಕಿಲ್ಲ, ಸಿಗುತ್ತದೆ. ಅಪ್ಪನಿಗೆ ಚಿಂತೆ ಬೇಡ ಅನ್ನು.

ಈಗ ಮುಖ್ಯ ವಿಷಯ. ನಮ್ಮ ಸರದಾರ ನಿನ್ನ ಕೈಯಲ್ಲಿದ್ದಾನೆ. ಮೂರು ವರ್ಷ ಕಷ್ಟಪಟ್ಟು ಆ ಕಂಪ್ಯೂಟರ್ ಆಟದಲ್ಲಿ ಅವನನ್ನು ಮೂವತ್ತನೇ ಲೆವೆಲ್ಲಿಗೆ ತಂದಿದ್ದೇನೆ. ಹುಸೇನಬಾಷಾ ಧಾರವಾಡದ ತನ್ನ ಇಂಟರ್ನೆಟ್ ಕೆಫೆಯಲ್ಲಿ ಜನವರಿ 26ಕ್ಕೆ ಟೂರ್ನಮೆಂಟ್ ಇಡುತ್ತಿದ್ದಾನೆ. ಹುಬ್ಬಳ್ಳಿಯವರೂ ಬರುತ್ತಾರಂತೆ. ಐವತ್ತನೇ ಲೆವೆಲ್ ಮುಟ್ಟಿದವರಿಗೆ ಮಾತ್ರ ಪ್ರವೇಶ. ಇಲ್ಲಿ ನನಗೆ ಆಡಲು ದಾರಿಯಿಲ್ಲ. ಬೀದರಕ್ಕೆ ಹೋದರೂ ಇಂಟರ್ನೆಟ್ ಮೇಲ್ ನೋಡುವಷ್ಟು ಓಡುತ್ತದೆ, ಆಟ ಓಡುವುದಿಲ್ಲ. ಅಷ್ಟರೊಳಗೆ ನೀನು ಅವನನ್ನು ಐವತ್ತಕ್ಕೆ ಮುಟ್ಟಿಸಬೇಕು. ನಾನು ರಜೆ ಹಾಕಿ ಬಂದು ಆಡುತ್ತೇನೆ.

ಲೆಕ್ಕ ಹೇಳುತ್ತೇನೆ, ಗೋಡೆಗೆ ಅಂಟಿಸಿಕೊ. ಮೂವತ್ತರಿಂದ ಮೂವತ್ತೊಂದಕ್ಕೆ ಐದು ಗಂಟೆ ಆಡಬೇಕು. ಅಪ್ಪನಿಗೆ ಕೇಳಿದರೆ ತ್ರೈರಾಶಿ ಹಾಕಿ, ಇಪ್ಪತ್ತು ಲೆವೆಲ್ಲಿಗೆ ನೂರು ಗಂಟೆ ಅಂದುಬಿಡುತ್ತಾರೆ. ತಪ್ಪು. ಪ್ರತಿ ಲೆವೆಲ್ಲಿಗೂ ಹಿಂದಿನದಕ್ಕಿಂತ ಹತ್ತನೇ ಒಂದು ಭಾಗ ಹೆಚ್ಚು ಪಾಯಿಂಟು ಬೇಕು. ಎಲ್ಲ ಕೂಡಿಸಿದರೆ ಇನ್ನೂರಾ ಎಂಬತ್ತಾರು ಗಂಟೆ. ದಿನಾ ಮೂರು ಗಂಟೆ ಕೂತರೆ ದೀಪಾವಳಿಯೊಳಗೆ ಕೆಲಸ ಮುಗಿಯುತ್ತದೆ. ಸಾಯಬೇಡ. ಸತ್ತರೆ ಪಾಯಿಂಟು ಹೋಗುತ್ತದೆ.

ಟೂರ್ನಮೆಂಟಿನಲ್ಲಿ ಪ್ರತಿ ಆಟಗಾರನಿಗೂ ಒಬ್ಬ ಸಹಾಯಕ ಇರಬಹುದು. ಹಿಂದೆ ನಿಂತು ಗಾಯಕ್ಕೆ ಮದ್ದು ಹಾಕುವವನು. ಅವನಿಗೆ ಲೆವೆಲ್ಲಿನ ಕಟ್ಟಳೆ ಇಲ್ಲ. ನಿನ್ನನ್ನೇ ಮಾಡುತ್ತೇನೆ. ಖುಷಿಯೇ?

ನಿನ್ನ ಅಣ್ಣ,
ರಾಜೀವ


ರಾಯಾಪುರ
ಜುಲೈ 30, 2005

ಪ್ರೀತಿಯ ಅಣ್ಣ,

ಜೈ ಭೀಮ್. ಹುಸೇನಬಾಷಾ ಅಣ್ಣನ ಜೊತೆ ಮಾತಾಡಿದೆ. ಬೆಳಿಗ್ಗೆ ಏಳಕ್ಕೆ ಧಾರವಾಡಕ್ಕೆ ಹೋಗಿ ಕೆಫೆಯ ಬಾಗಿಲು ನಾನೇ ತೆಗೆಯುತ್ತೇನೆ. ಕೀಲಿ ನನ್ನ ಹತ್ತಿರವೇ ಇದೆ. ಮೂರು ಗಂಟೆ ಆಟ, ಆಮೇಲೆ ಊಟದ ತನಕ ಅವನ ಕನ್ನಡ ಟೈಪಿಂಗ್ ಕೆಲಸ: ಲಗ್ನಪತ್ರಿಕೆ, ಅರ್ಜಿ, ಸಂಘದ ಠರಾವು. ನಾನು ಟೈಪ್ ಮಾಡಿಕೊಟ್ಟರೆ ಮಶಿನ್ ಪುಕ್ಕಟೆ. ಆ ಹೊತ್ತಿಗೆ ಗಿರಾಕಿ ಇರುವುದಿಲ್ಲ, ಪಕ್ಕದ ಮಶಿನ್ ಕೂಡ ಖಾಲಿಯೇ ಇರುತ್ತದೆ.

ಒಂದು ಕೇಳುತ್ತೇನೆ, ಸಿಟ್ಟು ಮಾಡಬೇಡ. ಇಪ್ಪತ್ತು ಲೆವೆಲ್ ನಾನು ಹೊಡೆದ ಮೇಲೆ, ಟೂರ್ನಮೆಂಟಿನಲ್ಲಿ ನಾನು ಯಾಕೆ ಹಿಂದೆ ನಿಂತು ಮದ್ದು ಹಾಕಬೇಕು? ಸರದಾರನನ್ನು ನಾನೇ ಆಡಿಸಿ, ಪ್ರವೇಶ ಪತ್ರದಲ್ಲಿ ನನ್ನ ಹೆಸರು ಬರೆಸಬಾರದೇ?

ಪಿಯುಸಿ ಮುಗಿಸಿ ಮನೆಯಲ್ಲಿ ಕೂತವಳು ನಾನು. ಡಿ.ಎಡ್. ಸೀಟಿನ ಪಟ್ಟಿ ಬರುವ ತನಕ ನನಗೆ ಬೇರೆ ಕೆಲಸವಿಲ್ಲ. ಆದರೆ ಕೆಲಸವಿಲ್ಲ ಅಂದ ಮಾತ್ರಕ್ಕೆ ನಾನು ಆಳು ಅಲ್ಲ. ಉತ್ತರ ಬರೆ.

ಪೂನಮ್


ಔರಾದ ತಾಲೂಕು
ಸೆಪ್ಟೆಂಬರ್ 12, 2005

ಪೂನಮ್,

ಜೈ ಭೀಮ್. ನಿನ್ನ ಕಾರ್ಡು ಬಂತು. ಸರದಾರ ಇನ್ನೂ ಮೂವತ್ತೊಂಬತ್ತು! ಎರಡು ಸಲ ಓದಿದೆ. ನನ್ನ ಲೆಕ್ಕದಂತೆ ಇವತ್ತಿಗೆ ನಲವತ್ತನಾಲ್ಕು ಆಗಬೇಕು. ಕಪ್ಪು ಹಲಗೆಯ ಮೇಲೆ ಮತ್ತೆ ಮಾಡಿ ನೋಡಿದೆ, ನಾಲ್ಕನೇ ತರಗತಿಯ ಮಕ್ಕಳು ಅದನ್ನು ತಮ್ಮ ಪಾಠವೆಂದು ಬರೆದುಕೊಂಡವು. ಲೆಕ್ಕ ಸರಿ ಇದೆ. ತಪ್ಪು ನಿನ್ನ ಕಡೆ ಇದೆ.

ಏನು ಮಾಡುತ್ತಿದ್ದೀ? ಕೋಟೆಯ ಹೊರಗಿನ ತೋಳಗಳನ್ನೇ ಹೊಡೆಯುತ್ತಾ ಕೂತಿದ್ದೀಯಾ? ಅವಕ್ಕೆ ಪಾಯಿಂಟು ಕಡಿಮೆ, ಗವಿಯೊಳಗೆ ಹೋಗು ಅಂತ ಹೋಗುವಾಗಲೇ ಹೇಳಿದ್ದೆ. ದಿನಕ್ಕೆ ಎಷ್ಟು ಸಲ ಸಾಯುತ್ತೀ? ಖರೆ ಹೇಳು.

ನಿನ್ನ ಹೆಸರಿನ ವಿಷಯ ಓದಿ ನಕ್ಕೆ. ಹುಬ್ಬಳ್ಳಿಯ ಗಂಡು ಹುಡುಗರು ಸಾಲಾಗಿ ಕೂತಿರುತ್ತಾರೆ, ನಡುವೆ ನೀನು ಎರಡು ಜಡೆ ಹಾಕಿಕೊಂಡು ಕೂಡುತ್ತೀಯಾ? ಆಡುವುದು ಬೇರೆ, ಹತ್ತು ಮಂದಿಯೆದುರು ಆಡುವುದು ಬೇರೆ. ಸರದಾರ ನನ್ನವನು. ಹುಚ್ಚು ಬಿಟ್ಟು ಲಗೂ ಮುಂದೆ ಸಾಗು.

ರಾಜೀವ


ರಾಯಾಪುರ
ಸೆಪ್ಟೆಂಬರ್ 24, 2005

ಅಣ್ಣ,

ನಗುವುದು ಉತ್ತರವಲ್ಲ. ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ, ಜಡೆ ಎಣಿಸಿದ್ದೀ. ಈಗ ಒಂದೇ ಜಡೆ ಹಾಕುತ್ತೇನೆ, ತಿದ್ದಿಕೊ.

ನಾನು ಗವಿಯೊಳಗೇ ಇದ್ದೇನೆ. ಕರೆಂಟ್ ಹೋಗುತ್ತದೆ. ಲೈನ್ ನಿಧಾನ ಇದೆ. ಬೆಳಿಗ್ಗೆ ಬಸ್ಸು ತಡವಾಗುತ್ತದೆ. ಇಷ್ಟೆಲ್ಲ ನಿನ್ನ ಕಪ್ಪು ಹಲಗೆಗೆ ಗೊತ್ತಾಗುವುದಿಲ್ಲ. ಸರದಾರ ನಿಂತಿಲ್ಲ, ಏರುತ್ತಿದ್ದಾನೆ. ಯಾವ ವೇಗದಲ್ಲಿ ಏರಬೇಕೋ ಅದೇ ವೇಗದಲ್ಲಿ ಏರುತ್ತಿದ್ದಾನೆ.

ಮುಗದದಿಂದ ಅಜ್ಜಿ ಬಂದಿದ್ದರು. ಸೋಯಾಬೀನ್ ಕಳೆ ತೆಗೆಯುವುದು ಮುಗಿಯಿತಂತೆ. ನಿನಗೆ ಮನೆ ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತೇ? ನೀನು ಬರೆದೇ ಇಲ್ಲ.

ಪೂನಮ್


ಔರಾದ ತಾಲೂಕು
ಅಕ್ಟೋಬರ್ 13, 2005

ಪೂನಮ್,

ನಲವತ್ತೆಂಟು ದಾಟಿರಬೇಕಾದ ದಿನ ನಲವತ್ಮೂರು ಎಂದು ಬರೆಯಲು ನಾಚಿಕೆಯಾಗಲಿಲ್ಲವೇ? ಕರೆಂಟ್, ಬಸ್ಸು, ಲೈನ್. ಇವೇ ಕಾರಣ ಹೇಳಿ ಇಲ್ಲಿನ ಮಕ್ಕಳು ಮನೆಗೆಲಸ ತಪ್ಪಿಸುತ್ತವೆ, ನನಗೆ ಕಲಿಸಬೇಡ. ಹುಸೇನಬಾಷಾಗೂ ಬರೆದು ಕೇಳಿದೆ. ನೀನು ದಿನಾ ಏಳೂವರೆಯಿಂದ ಹತ್ತೂವರೆ ತನಕ ಕುರ್ಚಿ ಬಿಟ್ಟು ಏಳುವುದಿಲ್ಲವಂತೆ, ಕರೆಂಟ್ ಹೋದರೆ ಆ ಹೊತ್ತನ್ನು ಆಮೇಲೆ ತುಂಬುತ್ತೀಯಂತೆ. ಹಾಗಾದರೆ ಆ ಹೊತ್ತು ಎಲ್ಲಿ ಹೋಯಿತು? ಕುರ್ಚಿಯ ಮೇಲೆ ಕೂತು ಏನು ಮಾಡುತ್ತಿದ್ದೀ?

ನನಗೆ ಗೊತ್ತು. ಆ ಮಶಿನ್‌ಗಳಲ್ಲಿ ಚಾಟ್ ಇದೆ. ಯಾವನೋ ಒಬ್ಬ ಸಿಕ್ಕಿದ್ದಾನೆ. ನನ್ನ ಸರದಾರನನ್ನು ಬಾಗಿಲಿಗೆ ನಿಲ್ಲಿಸಿ ನೀನು ಅವನ ಜೊತೆ ಹರಟೆ ಹೊಡೆಯುತ್ತಿದ್ದೀ.

ಅಪ್ಪನಿಗೆ ಬೇರೆ ಕಾಗದ ಹಾಕಿದ್ದೇನೆ. ಅಣ್ಣನಾಗಿ ಹಾಕಲೇಬೇಕಿತ್ತು.

ರಾಜೀವ


ರಾಯಾಪುರ
ನವೆಂಬರ್ 4, 2005

ರಾಜೀವ,

ಅಣ್ಣ ಎಂದು ಬರೆಯಲು ಕೈ ಬರುತ್ತಿಲ್ಲ.

ನಿನ್ನ ಕಾಗದ ಬಂದ ದಿನ ಅಪ್ಪ ಶಾಲೆಯಿಂದ ಬಂದು ಬೂಟು ಕೂಡ ಕಳಚಲಿಲ್ಲ. "ಯಾರವ್ವಾ ಅಂವಾ?" ಎಂದು ಕೇಳಿದರು. ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ಮುಖ ನೋಡದೆ ಗೋಡೆ ನೋಡುತ್ತಾ ಕೇಳಿದರು. "ಯಾರೂ ಇಲ್ಲರಿ ಅಪ್ಪಾ" ಅಂದೆ. "ಹಂಗಾದ್ರ ಕೀಲಿ ಕೊಡು" ಅಂದರು. ಕೊಟ್ಟೆ. ಮರುದಿನ ತಾವೇ ಹೋಗಿ ಹುಸೇನಬಾಷಾ ಅಣ್ಣನಿಗೆ ಕೀಲಿ ಒಪ್ಪಿಸಿ ಬಂದರು. ಆ ಬಡಪಾಯಿಗೆ ಏನೂ ಅರ್ಥವಾಗಲಿಲ್ಲ.

ಎರಡು ವಾರದಿಂದ ಮನೆಯಲ್ಲಿದ್ದೇನೆ. ದೀಪಾವಳಿಗೆ ಬಂದವರೆಲ್ಲ, ಪೂನಮ್ ಯಾಕೆ ಸಪ್ಪಗಿದ್ದಾಳೆ ಎಂದು ಕೇಳಿದರು. ಅವ್ವನಿದ್ದಿದ್ದರೆ ಒಂದು ಮಾತು ಕೇಳುತ್ತಿದ್ದಳೋ ಏನೋ. ನೀನು ಮುನ್ನೂರು ಮೈಲಿ ದೂರ ಕೂತು, ಒಂದು ಗುಣಾಕಾರ ಮಾಡಿ, ಅದರಲ್ಲಿ ಒಬ್ಬ ಹುಡುಗನನ್ನು ಹುಟ್ಟಿಸಿದೆ.

ಆ ಹೊತ್ತು ಎಲ್ಲಿ ಹೋಯಿತೆಂದು ನಿನಗೆ ಹೇಳುವುದಿಲ್ಲ. ಅಷ್ಟು ಲೆಕ್ಕ ಬಲ್ಲವನು ಕಂಡುಹಿಡಿ.

ಪೂನಮ್


ಔರಾದ ತಾಲೂಕು
ನವೆಂಬರ್ 14, 2005

ಪೂನಮ್,

ಕಂಡುಹಿಡಿದೆ.

ನೀನು ಬರೆದ ಕಾರ್ಡುಗಳನ್ನೆಲ್ಲ ಮುಂದಿಟ್ಟುಕೊಂಡು, ಪ್ರತಿ ತಾರೀಖಿಗೆ ಸರದಾರನಿಗೆ ಬಂದ ಪಾಯಿಂಟು ಎಷ್ಟು, ಬರಬೇಕಾದದ್ದು ಎಷ್ಟು ನೋಡಿದೆ. ಆಗಸ್ಟಿನಲ್ಲಿ ಅರ್ಧ. ಸೆಪ್ಟೆಂಬರಿನಲ್ಲಿ ಅರ್ಧ. ಅಕ್ಟೋಬರಿನಲ್ಲೂ ಅರ್ಧ. ಹರಟೆ ಹೊಡೆಯುವವರು ಯಾರೂ ದಿನಾ ಸರಿಯಾಗಿ ಅರ್ಧ ಹೊತ್ತು ಹರಟೆ ಹೊಡೆಯುವುದಿಲ್ಲ. ಕರೆಂಟ್ ಕೂಡ ಅಷ್ಟು ನಿಯತ್ತಿನಿಂದ ಹೋಗುವುದಿಲ್ಲ.

ಜೋಡಿ ಕಟ್ಟಿದ್ದೀ. ಆ ಆಟದಲ್ಲಿ ಇಬ್ಬರು ಜೋಡಿಯಾಗಿ ನಿಂತರೆ, ಒಬ್ಬನೇ ಹೊಡೆದರೂ ಪಾಯಿಂಟು ಇಬ್ಬರಿಗೂ ಅರ್ಧರ್ಧ. "ಪಕ್ಕದ ಮಶಿನ್ ಕೂಡ ಖಾಲಿಯೇ ಇರುತ್ತದೆ" ಎಂದು ಜುಲೈನಲ್ಲೇ ಬರೆದಿದ್ದೀ. ನಾನು ದಡ್ಡ, ಓದಿ ಬಿಟ್ಟೆ. ಎರಡನೇ ಮಶಿನಿನಲ್ಲಿ ನಿನ್ನದೇ ಒಂದು ಪಾತ್ರ ಸರದಾರನ ಬೆನ್ನಿಗೆ ನಿಂತು ಅವನ ಪಾಲು ತಿನ್ನುತ್ತಿದೆ. ಹೌದೋ ಅಲ್ಲವೋ?

ಅಪ್ಪನಿಗೆ ಬರೆದಿದ್ದೇನೆ: ಹುಡುಗ ಗಿಡುಗ ಯಾರೂ ಇಲ್ಲ, ನಿಮ್ಮ ಮಗಳು ಬರೀ ಕಳ್ಳಿ. ಆ ಇನ್ನೊಂದು ಮಾತು ನಾನು ಬರೆಯಬಾರದಿತ್ತು. ಅದಕ್ಕೆ ನನ್ನದು ತಪ್ಪಾಯಿತು. ಆದರೆ ಇದಕ್ಕೆ ನಿನ್ನದು. ನಿನ್ನೆ ರವಿವಾರ ಬೀದರಕ್ಕೆ ಹೋಗಿ ಸರದಾರನ ಪಾಸ್‌ವರ್ಡ್ ಬದಲಿಸಿದೆ. ಇನ್ನು ನೀನು ಅವನನ್ನು ಮುಟ್ಟುವಂತಿಲ್ಲ.

ರಾಜೀವ


ರಾಯಾಪುರ
ನವೆಂಬರ್ 24, 2005

ರಾಜೀವ,

ಹೌದು. ಅವಳ ಹೆಸರು ಶೇವಂತೆವ್ವ. ಅಜ್ಜಿಯ ಹೆಸರೇ ಇಟ್ಟಿದ್ದೇನೆ. ನೀನು ನನ್ನ ಪ್ರಶ್ನೆಗೆ ಉತ್ತರ ಬರೆಯಲಿ ಎಂದು ಕಾಯಲಿಲ್ಲ, ಏನು ಬರೆಯುತ್ತೀ ಎಂದು ಗೊತ್ತಿತ್ತು. ಮೊದಲ ವಾರವೇ ಅವಳನ್ನು ಸರದಾರನ ಹಿಂದೆ ನಿಲ್ಲಿಸಿದೆ. ಈಗ ಅವಳು ನಲವತ್ತೊಂದು. ಸರದಾರನಿಗಿಂತ ಮೂರೇ ಲೆವೆಲ್ ಹಿಂದೆ. ನಾನು ಎರಡು ಕೀಬೋರ್ಡಿನ ನಡುವೆ ಕೂತು, ಒಂದು ಕೈಯಲ್ಲಿ ಅವನಿಂದ ಹೊಡೆಸಿ, ಇನ್ನೊಂದು ಕೈಯಲ್ಲಿ ಅವಳಿಂದ ಮದ್ದು ಹಾಕಿಸುತ್ತಿದ್ದೆ. ಸರದಾರ ಮೂರು ತಿಂಗಳಲ್ಲಿ ಒಮ್ಮೆಯೂ ಸಾಯಲಿಲ್ಲ, ಗಮನಿಸಿದೆಯಾ? ನಿನ್ನ ಕೈಯಲ್ಲಿದ್ದಾಗ ವಾರಕ್ಕೆರಡು ಸಲ ಸಾಯುತ್ತಿದ್ದ.

ನಿನ್ನ ಎರಡನೇ ಕಾಗದ ಅಪ್ಪ ಜೋರಾಗಿ ಓದಿದರು. ಅಜ್ಜಿ ದೀಪಾವಳಿಗೆ ಬಂದವರು ಇನ್ನೂ ಇಲ್ಲೇ ಇದ್ದರು. ಕಳ್ಳಿ ಎಂಬ ಶಬ್ದ ಕೇಳಿ ಎದ್ದು ಕೂತರು. "ಏನ ಕದ್ದಾಳ ಕೂಸು?" ಅಂದರು. ಆಟ, ಪಾಯಿಂಟು, ಜೋಡಿ ಎಲ್ಲ ನಾನು ಬಿಡಿಸಿ ಹೇಳಿದೆ. ಅವರಿಗೆ ಅದು ಹೊಲದ ಕೆಲಸದಂತೆ ಕೇಳಿಸಿತು. ಮುಗದದಲ್ಲಿ ಅವರು ಇವತ್ತು ಹುಲಿಗೆವ್ವನ ಹೊಲದಲ್ಲಿ ಕಳೆ ತೆಗೆದರೆ, ನಾಳೆ ಹುಲಿಗೆವ್ವ ಬಂದು ಇವರ ಹೊಲದಲ್ಲಿ ತೆಗೆಯುತ್ತಾಳೆ. ಮುಯ್ಯ ಅನ್ನುತ್ತಾರೆ. ಕೂಲಿಯ ಮಾತೇ ಬರುವುದಿಲ್ಲ. ಆಳಿಗೆ ಆಳು.

ಅಜ್ಜಿ ಅಪ್ಪನಿಗೆ ಅಂದರು: "ರಾಮಪ್ಪಾ, ನಿನ್ನ ಮಗನ ಹೊಲದಾಗ ಈಕಿ ಒಬ್ಬಾಕಿನ ದುಡದಾಳ. ಅಂವಾ ಈಕಿ ಹೊಲಕ್ಕ ಒಂದಿನಾ ಬಂದಾನೇನು? ಬರಲಿಲ್ಲಂದ್ರ ಈಕಿ ತನ್ನ ಮುಯ್ಯಾ ತಾನ ತಗೊಂಡಾಳ. ಅದಕ್ಕ ಕಳುವು ಅಂತಾರೇನೋ?"

ಅಪ್ಪ ಒಂದು ಕಾಗದ ತೆಗೆದುಕೊಂಡು ತ್ರೈರಾಶಿ ಹಾಕಿದರು. "ಅಪ್ಪಾ, ಅದು ತಪ್ಪರಿ, ಪ್ರತಿ ಲೆವೆಲ್ಲಿಗೂ ಹತ್ತನೇ ಒಂದು ಭಾಗ ಹೆಚ್ಚಿಗಿ ಬೇಕಾಗತೈತಿ" ಎಂದೆ. ನನ್ನ ಮುಖ ನೋಡಿದರು, ಒಂದು ತಿಂಗಳಲ್ಲಿ ಮೊದಲ ಸಲ. ಇಬ್ಬರೂ ಕೂತು ಪೂರಾ ಮಾಡಿದೆವು. ಮರುದಿನ ಬೆಳಿಗ್ಗೆ ನನ್ನ ಜೊತೆ ಧಾರವಾಡಕ್ಕೆ ಬಂದು, ಹುಸೇನಬಾಷಾ ಅಣ್ಣನಿಂದ ಕೀಲಿ ಇಸಿದುಕೊಂಡು ನನ್ನ ಕೈಗೆ ಕೊಟ್ಟರು. ಅವರಿಗೆ ತಪ್ಪಾಯಿತು ಎಂದು ಹೇಳಲು ಬರುವುದಿಲ್ಲ. ನಿನಗೆ ಬರುತ್ತದೆ, ಆದರೆ ಅದರ ಬೆನ್ನಿಗೇ ಕಳ್ಳಿ ಎಂದೂ ಬರೆಯುತ್ತೀ.

ಪಾಸ್‌ವರ್ಡ್ ಬದಲಿಸಿ ಛಲೋ ಮಾಡಿದೆ. ಈಗ ಪಾಲು ಹಂಚುವುದಿಲ್ಲ, ಹೊಡೆದ ಪಾಯಿಂಟೆಲ್ಲ ಶೇವಂತೆವ್ವನಿಗೇ. ನನ್ನ ಲೆಕ್ಕ ಬರೆಯುತ್ತೇನೆ, ಬೇಕಾದರೆ ಕಪ್ಪು ಹಲಗೆಯ ಮೇಲೆ ಪರೀಕ್ಷಿಸು. ಇನ್ನು ನೂರಾ ಎಂಬತ್ಮೂರು ಗಂಟೆ. ದಿನಾ ಮೂರರಂತೆ ಜನವರಿ 23ಕ್ಕೆ ಐವತ್ತು ಮುಟ್ಟುತ್ತೇನೆ. ಟೂರ್ನಮೆಂಟಿಗೆ ಮೂರು ದಿನ ಮುಂಚೆ.

ಪೂನಮ್


ಔರಾದ ತಾಲೂಕು
ಜನವರಿ 3, 2006

ಪೂನಮ್,

ನಿನ್ನ ಲೆಕ್ಕ ಸರಿ ಇದೆ. ಅದೇ ನನ್ನ ಹೊಟ್ಟೆ ಉರಿಸಿದ್ದು.

ಇಪ್ಪತ್ತೊಂದರಿಂದ ರಜೆ ಸಿಕ್ಕಿದೆ. ಊಟ ನಿದ್ದೆ ಬಿಟ್ಟು ಆಡಿದರೂ ಐದು ದಿನದಲ್ಲಿ ಸರದಾರನನ್ನು ನಲವತ್ನಾಲ್ಕರಿಂದ ಐವತ್ತಕ್ಕೆ ಒಯ್ಯಲಾಗುವುದಿಲ್ಲ. ಇನ್ನೂ ನೂರಾ ನಲವತ್ತಾರು ಗಂಟೆ ಬೇಕು. ನಿನ್ನಿಂದ ಆಗುತ್ತದೆ. ಈ ಕಾಗದ ಮುಟ್ಟಿದ ದಿನದಿಂದ ದಿನಕ್ಕೆ ಒಂಬತ್ತು ಗಂಟೆ ಕೂತರೆ ಇಪ್ಪತ್ತೈದಕ್ಕೆ ಮುಗಿಯುತ್ತದೆ. ಹೊಸ ಪಾಸ್‌ವರ್ಡ್ ಒಳಗೆ ಅಂಟಿಸಿದ ಚೀಟಿಯಲ್ಲಿದೆ. ನಿನ್ನ ಶೇವಂತೆವ್ವನನ್ನು ಪಕ್ಕಕ್ಕಿಡು. ಅವಳಿಗೆ ಮುಂದಿನ ವರ್ಷ ಇದೆ.

ಯಾಕೆ ಎಂದು ಕೇಳುತ್ತೀ. ಹೇಳುತ್ತೇನೆ. ನನಗೆ ಇನ್ನೂ ಮನೆ ಸಿಕ್ಕಿಲ್ಲ. ಈ ಊರಿನಲ್ಲಿ ಖಾಲಿ ಮನೆ ಇಲ್ಲವೆಂದಲ್ಲ. ಬರ್ರಿ ಮಾಸ್ತರ ಅನ್ನುತ್ತಾರೆ, ಚಹಾ ಕೊಡುತ್ತಾರೆ, ಹೆಸರು ಕೇಳುತ್ತಾರೆ, ಆಮೇಲೆ ಅಪ್ಪನ ಹೆಸರು, ಆಮೇಲೆ ಯಾವ ಓಣಿ. ಅಷ್ಟಾದ ಮೇಲೆ ಮಗಳು ಬಾಣಂತನಕ್ಕೆ ಬರುತ್ತಾಳೆ, ಮನೆ ಬೇಕಾಗುತ್ತದೆ ಅನ್ನುತ್ತಾರೆ. ಊರಿನ ಎಲ್ಲ ಮಗಳಂದಿರೂ ಒಂದೇ ಸಲ ಬಾಣಂತಿಯರು. ಆರು ತಿಂಗಳಿಂದ ಶಾಲೆಯ ಎರಡನೇ ಕೋಣೆಯಲ್ಲಿ ಮಲಗುತ್ತಿದ್ದೇನೆ. ಬೆಳಿಗ್ಗೆ ಮಕ್ಕಳು ಬರುವ ಮೊದಲು ಹಾಸಿಗೆ ಸುತ್ತಿ ಬೀರುವಿನ ಹಿಂದೆ ಇಡುತ್ತೇನೆ. ಅಪ್ಪನಿಗೆ ಹೇಳಬೇಡ.

ಒಂದು ಜಾಗದಲ್ಲಿ, ಒಂದೇ ಒಂದು ಜಾಗದಲ್ಲಿ ನಾನು ಓಣಿ ಕೇಳಿಸಿಕೊಳ್ಳದೆ ಮುಂದೆ ನಿಂತಿದ್ದೆ. ಅದನ್ನೂ ನೀನು ಅರ್ಧ ಮಾಡಿದೆ.

ರಾಜೀವ


ರಾಯಾಪುರ
ಜನವರಿ 10, 2006

ಅಣ್ಣ,

ಚೀಟಿ ಬಿಚ್ಚಲಿಲ್ಲ. ಹರಿದು ಒಲೆಗೆ ಹಾಕಿದೆ.

ಮನೆಯ ವಿಷಯ ಓದಿ ನನಗೆ ಎಂಥ ಸಿಟ್ಟು ಬಂತೆಂದರೆ ಎರಡು ದಿನ ಆಟದಲ್ಲಿ ಕೈ ಕೂಡಲಿಲ್ಲ. ಆಡಲು ಕೂತ ಮೇಲೆ ಮೊದಲ ಸಲ ಸತ್ತೆ. ಆ ಪಾಯಿಂಟು ನಿನ್ನ ಊರಿನ ಬಾಣಂತಿಯರ ಲೆಕ್ಕಕ್ಕೆ. ಆರು ತಿಂಗಳು ನನಗೆ ದಿನದ ಮೂರು ಗಂಟೆಯ ಹಿಸೇಬು ಕೇಳಿದೆ. ನೀನು ದಿನಾ ಎಲ್ಲಿ ಮಲಗುತ್ತೀ ಎಂಬ ಒಂದು ಸಾಲು ಬರೆಯಲಿಲ್ಲ. ನಾನು ಅರ್ಧ ಮುಚ್ಚಿಟ್ಟೆ, ನೀನು ಪೂರಾ ಮುಚ್ಚಿಟ್ಟೆ. ಅಪ್ಪನಿಗೆ ಹೇಳಿದ್ದೇನೆ, ಹೇಳದೆ ಇರುವುದಿಲ್ಲ. ಅವರು ಬೀದರಕ್ಕೆ ಬಂದು ನಿಮ್ಮ ಮೇಲಿನ ಸಾಹೇಬರ ಮುಂದೆ ಕೂಡುತ್ತಾರಂತೆ. ನಾನೂ ಬರುತ್ತೇನೆ. ನಿನ್ನ ಪಕ್ಕ ನಿಂತು ಆ ಊರಿನವರಿಗೆ ಬೈಯುತ್ತೇನೆ, ನನ್ನ ಬಾಯಿ ನಿನಗೆ ಗೊತ್ತಿದೆ.

ಆದರೆ ಅವರು ನಿನ್ನನ್ನು ಹೊರಗೆ ನಿಲ್ಲಿಸಿದರೆಂದು ನೀನು ನನ್ನನ್ನು ಹಿಂದೆ ನಿಲ್ಲಿಸುವುದು ಯಾವ ನ್ಯಾಯ? ಅವರು ನಿನಗೆ ಓಣಿ ಕೇಳಿದರು. ನೀನು ನನಗೆ ಜಡೆ ಎಣಿಸಿದೆ. ಎರಡೂ ಒಂದೇ ಅನ್ನಿಸುವುದಿಲ್ಲವೇ ನಿನಗೆ? ದಿನಕ್ಕೆ ಒಂಬತ್ತು ಗಂಟೆ ಎಂದು ಬರೆಯುವಾಗ, ಆ ಒಂಬತ್ತು ಯಾರ ಗಂಟೆ ಎಂದು ಒಮ್ಮೆ ಯೋಚಿಸಿದೆಯಾ?

ಶೇವಂತೆವ್ವ ನಲವತ್ತೆಂಟಕ್ಕೆ ಬಂದಿದ್ದಾಳೆ. ಒಂದು ದಿನ ತಡವಾಗಿ, ಇಪ್ಪತ್ನಾಲ್ಕಕ್ಕೆ ಐವತ್ತು. ಪ್ರವೇಶ ಪತ್ರ ತುಂಬಿ ಹುಸೇನಬಾಷಾ ಅಣ್ಣನಿಗೆ ಕೊಟ್ಟೆ. ಆಟಗಾರ ಎಂಬಲ್ಲಿ ಪೂನಮ್ ರಾಮಪ್ಪ ಎಂದು ಬರೆದೆ. ಅವನು ಓದಿ, "ನಿಮ್ಮಣ್ಣಗ ಗೊತ್ತೈತೇನವಾ?" ಎಂದು ಕೇಳಿದ. "ಅವನ ಮುಂದ ನಾನ ಹೇಳತೇನಿ" ಅಂದೆ. ಈಗ ಹೇಳಿದೆ.

ಸಹಾಯಕ ಎಂಬಲ್ಲಿ ಖಾಲಿ ಬಿಟ್ಟಿದ್ದೇನೆ. ಅದಕ್ಕೆ ಲೆವೆಲ್ಲಿನ ಕಟ್ಟಳೆ ಇಲ್ಲ, ನೀನೇ ಬರೆದಿದ್ದೆ. ಮೂರು ತಿಂಗಳು ನಿನ್ನ ಹೊಲದಲ್ಲಿ ಕಳೆ ತೆಗೆದಿದ್ದೇನೆ. ಮುಯ್ಯಕ್ಕೆ ಬರುವುದಾದರೆ ಬಾ, ಹಿಂದೆ ನಿಂತು ಮದ್ದು ಹಾಕು. ಕೈ ಕೂಡಲು ಮೂರು ನಾಲ್ಕು ದಿನ ಬೇಕು, ಇಬ್ಬರೂ ಜೊತೆಗೆ ಆಡಿ ನೋಡಬೇಕು. ಬರದಿದ್ದರೆ ಪಕ್ಕದ ಮನೆಯ ಸೃಷ್ಟಿ ಬರುತ್ತೇನೆಂದಿದ್ದಾಳೆ. ಅವಳಿಗೂ ಎರಡು ಜಡೆ.

ಇಪ್ಪತ್ತರ ತನಕ ಕಾಯುತ್ತೇನೆ. ಆಮೇಲೆ ಅವಳ ಹೆಸರು ಬರೆಯುತ್ತೇನೆ.

ಪೂನಮ್


(ಅಂಚೆ ಕಾರ್ಡು)
ಔರಾದ ತಾಲೂಕು
ಜನವರಿ 16, 2006

ಪೂನಮ್,

ಜೈ ಭೀಮ್. ನನ್ನ ಸಿಟ್ಟು ಇಳಿದಿಲ್ಲ. ನಿನ್ನದೂ ಇಳಿದಿರಲಿಕ್ಕಿಲ್ಲ. ಅಪ್ಪನಿಗೆ ಯಾಕೆ ಹೇಳಿದೆ ಎಂದು ಬಂದ ಮೇಲೆ ಜಗಳ ಆಡುವುದಿದೆ.

ಮದ್ದು ಹಾಕುವುದು ನನಗೆ ಬರುವುದಿಲ್ಲ, ಮೂರು ವರ್ಷ ಬರೀ ಹೊಡೆದೇ ಗೊತ್ತು. ನಿನ್ನೆ ರವಿವಾರ ಬೀದರಕ್ಕೆ ಹೋಗಿ, ಯಾವ ಗಾಯಕ್ಕೆ ಯಾವ ಮದ್ದು ಎಂಬ ಪಟ್ಟಿ ಪ್ರಿಂಟ್ ತೆಗೆಸಿದೆ. ಕಪ್ಪು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ನಾಲ್ಕನೇ ತರಗತಿಯವರಿಗೆ ನನಗಿಂತ ಮೊದಲು ಬಂದುಬಿಟ್ಟಿದೆ.

ಶನಿವಾರ ಬೆಳಿಗ್ಗೆ ಬಸ್ಸಿಳಿದು, ಮನೆಗೆ ಹೋಗದೆ ನೇರ ಕೆಫೆಗೆ ಬರುತ್ತೇನೆ. ಬಾಗಿಲು ಎಷ್ಟಕ್ಕೆ ತೆಗೆಯುತ್ತೀ, ಏಳಕ್ಕೇ ಅಲ್ಲವೇ? ತಡವಾದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ.

ರಾಜೀವ